ರೂಮಿನಲ್ಲಿ ಒಬ್ಬಳೇ, ಮೈ ತುಂಬ ಜ್ವರ: ಅಮ್ಮನ ಕಷಾಯ ಕುಡಿಯಲೋ, ಮಾತ್ರೆ ನುಂಗಲೋ?

ಪ್ರಶ್ನೆ: ನನಗೆ 27 ವರ್ಷ. ಊರು ಸಾಗರದ ಹತ್ತಿರ. ಬೆಂಗಳೂರಿನಲ್ಲಿ ಕೆಲಸ, ಸಣ್ಣ ಮನೆ ಮಾಡಿಕೊಂಡು ಒಬ್ಬಳೇ ಇದ್ದೇನೆ. ಹೋದ ತಿಂಗಳು ಜ್ವರ ಬಂತು. ಮೊದಲ ದಿನವೇ 102 ಡಿಗ್ರಿ, ಮೈಕೈ ನೋವು, ಮೂಗು ಕಟ್ಟಿಕೊಂಡಿತ್ತು. ಅಮ್ಮ ಫೋನಿನಲ್ಲಿ ‘ಸ್ನಾನ ಮಾಡ್ಬೇಡ, ಮೊಸರು ಮುಟ್ಬೇಡ, ಅನ್ನ ಬೇಡ ಬ್ರೆಡ್ ತಿನ್ನು, ಎರಡೆರಡು ಗಂಟೆಗೆ ಕಷಾಯ ಕುಡಿ, ಹಬೆ ತಗೋ’ ಅಂದರು. ಕಷಾಯದ ಪುಡಿ ಅವರೇ ಮಾಡಿ ಕಳಿಸಿದ್ದು ಇತ್ತು. ದಿನಕ್ಕೆ ಆರು ಸಲ ಕುಡಿದೆ. ಎರಡನೇ ದಿನಕ್ಕೆ ಎದೆ ಉರಿ ಶುರುವಾಯಿತು. 650ರ ಜ್ವರದ ಮಾತ್ರೆ ದಿನಕ್ಕೆ ನಾಲ್ಕು ತಗೊಂಡೆ. ಮೆಡಿಕಲ್ ಶಾಪಿನವರು ಶೀತಕ್ಕೆ ಅಂತ ಇನ್ನೊಂದು ಮಾತ್ರೆ ಕೊಟ್ಟರು, ದಿನಕ್ಕೆ ಮೂರು. ಜೊತೆಗೆ ಮೂರು ದಿನದ ಆಂಟಿಬಯೋಟಿಕ್ ಕೂಡ. ನಾಲ್ಕನೇ ದಿನ ಜ್ವರ ಇಳಿಯಿತು. ಐದನೇ ದಿನ ಆಫೀಸಿಗೆ ಹೊರಟೆ, ಮೆಟ್ರೋ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಈಗ ಹುಷಾರಾಗಿದ್ದೇನೆ. ಆದರೆ ಆ ಮೂರು ರಾತ್ರಿ ತುಂಬ ಹೆದರಿಕೆಯಾಗಿತ್ತು. ಅಮ್ಮ ಹೇಳಿದ್ದರಲ್ಲಿ ಯಾವುದು ಸರಿ, ಯಾವುದು ಸುಮ್ನೆ ನಂಬಿಕೆ? ಮುಂದಿನ ಸಲ ನನ್ನನ್ನು ನಾನೇ ಹೇಗೆ ನೋಡಿಕೊಳ್ಳಲಿ? ಅಂದ ಹಾಗೆ, ಅಮ್ಮನಿಗೆ ಬಿಪಿ ಇದೆ. ಆದರೂ ಅದೇ ಕಷಾಯ ದಿನಕ್ಕೆ ಮೂರು ಸಲ ಕುಡಿದು ಗಟ್ಟಿಮುಟ್ಟಾಗಿದ್ದಾರೆ. ಹಾಗಾಗಿ ಅದರಲ್ಲಿ ಏನೋ ಶಕ್ತಿ ಇರಬೇಕು ಅಲ್ವಾ?

ಉತ್ತರ: ನೀವು ಕೇಳಿರುವುದು ಕಷಾಯದ ಬಗ್ಗೆ. ಆದರೆ ಪತ್ರ ಓದಿದಾಗ ನನಗೆ ಕಂಡದ್ದು ಆ ಮೂರು ರಾತ್ರಿಯ ಹೆದರಿಕೆ. ಮನೆಯಲ್ಲಿ ಜ್ವರ ಬಂದರೆ ಯಾರಾದರೂ ಹಣೆ ಮುಟ್ಟಿ ನೋಡುತ್ತಾರೆ. ‘ಉಚ್ಚೆ ಹೋಯ್ತಾ’ ಅಂತ ಕೇಳುತ್ತಾರೆ. ಲೋಟ ಖಾಲಿಯಾದರೆ ತುಂಬಿಸಿಡುತ್ತಾರೆ. ಮುಖ ಬಾಡಿದ್ದರೆ ‘ನಡಿ ಡಾಕ್ಟ್ರ ಹತ್ರ’ ಅನ್ನುತ್ತಾರೆ. ನಿಮ್ಮ ಅಮ್ಮ ಕಷಾಯದ ಪುಡಿಯನ್ನು ಕಳಿಸಿದರು, ಆದರೆ ಈ ಕೆಲಸವನ್ನು ಬಸ್ಸಿಗೆ ಹಾಕಿ ಕಳಿಸಲು ಆಗಲಿಲ್ಲ. ಇಪ್ಪತ್ತಾರು ವರ್ಷ ಬಡಾವಣೆಯ ಕ್ಲಿನಿಕ್ಕಿನಲ್ಲಿ ಕೂತು ಜ್ವರದವರನ್ನು ನೋಡಿದ ಮೇಲೆ ನನಗೆ ಅನ್ನಿಸಿರುವುದು ಇದು. ಮನೆ ಮದ್ದಿನಲ್ಲಿ ಅರ್ಧ ಕೆಲಸ ಮದ್ದಿನದಲ್ಲ, ಅದನ್ನು ತಂದುಕೊಟ್ಟು ಪಕ್ಕದಲ್ಲಿ ಕೂರುವವರದ್ದು. ಹಾಗಾಗಿ ಒಂಟಿಯಾಗಿರುವವರು ಆ ಇನ್ನರ್ಧವನ್ನು ಹೇಗೆ ಹೊಂದಿಸಿಕೊಳ್ಳಬೇಕು ಅನ್ನುವುದಕ್ಕೂ ಉತ್ತರ ಹೇಳುತ್ತೇನೆ.

ಮೊದಲು ಮಾತ್ರೆಯ ಲೆಕ್ಕ. ಅದೇ ಎಲ್ಲಕ್ಕಿಂತ ಮುಖ್ಯ.

650ರ ಮಾತ್ರೆ ನಾಲ್ಕು ಅಂದರೆ 2,600 ಮಿಲಿಗ್ರಾಂ ಪ್ಯಾರಸಿಟಮಾಲ್. ಜನ ಡೋಲೋ ಅಂತಲೇ ಕರೆಯುವ ಮಾತ್ರೆಯಲ್ಲಿರುವುದು ಅದೇ. ಇಷ್ಟಕ್ಕೆ ನಿಲ್ಲಿಸಿದ್ದರೆ ತೊಂದರೆ ಇರಲಿಲ್ಲ. ಆದರೆ ಶೀತದ ಮಾತ್ರೆ ಅಂತ ಕೊಡುವ ಬಹುತೇಕ ಮಾತ್ರೆಗಳೊಳಗೂ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಕೂತಿರುತ್ತದೆ. ಅಂಥವು ಮೂರು ಅಂದರೆ 1,500. ಒಟ್ಟು 4,100. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4,000 ಮಿಲಿಗ್ರಾಂ ಗಡಿ. ನಾನು ನನ್ನ ರೋಗಿಗಳಿಗೆ 3,000 ದಾಟಬೇಡಿ ಅನ್ನುತ್ತೇನೆ. ಊಟ ಮಾಡದೆ ಮಲಗಿರುವವರು, ತೂಕ 50 ಕಿಲೋಗಿಂತ ಕಡಿಮೆ ಇರುವವರು, ಮದ್ಯ ಕುಡಿಯುವವರು, ಲಿವರ್ ತೊಂದರೆ ಇರುವವರು ಇನ್ನೂ ಕಡಿಮೆ ತಗೋಬೇಕು. ನೀವು ಗಡಿಯನ್ನು ಸ್ವಲ್ಪ ದಾಟಿದ್ದು ಕೆಲವೇ ದಿನ, ಈಗ ಹುಷಾರಾಗಿಯೂ ಇದ್ದೀರಿ. ಗಾಬರಿ ಬೇಡ. ಮುಂದಿನ ಸಲ ಮಾತ್ರ ಸ್ಟ್ರಿಪ್‌ ತಿರುಗಿಸಿ ಹಿಂದೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಓದಿ. ಎರಡು ಸ್ಟ್ರಿಪ್ಪಿನಲ್ಲೂ ಪ್ಯಾರಸಿಟಮಾಲ್ ಇದ್ದರೆ ಒಂದನ್ನು ಪಕ್ಕಕ್ಕಿಡಿ. ಪ್ಯಾರಸಿಟಮಾಲ್ ಅಷ್ಟು ಸುರಕ್ಷಿತ ಔಷಧ ಅನ್ನುವುದೇ ಅದರ ಅಪಾಯ. ಅದನ್ನು ಔಷಧ ಅಂತ ಯಾರೂ ಎಣಿಸುವುದೇ ಇಲ್ಲ. ಲಿವರ್‌ಗೆ ಏಟು ಬಿದ್ದರೂ ಅದು ಗೊತ್ತಾಗುವುದು ಒಂದೆರಡು ದಿನ ಕಳೆದ ಮೇಲೆ.

ಆ ಶೀತದ ಮಾತ್ರೆಯಲ್ಲಿ ಇನ್ನೂ ಎರಡು ಇರುತ್ತವೆ. ಒಂದು ನಿದ್ದೆ ಬರಿಸುವ ಅಲರ್ಜಿ ಔಷಧ. ಇನ್ನೊಂದು ಮೂಗು ಬಿಡಿಸಲು ಅಂತ ಹಾಕುವ ಫೆನೈಲ್‌ಎಫ್ರಿನ್. ಈ ಎರಡನೆಯದನ್ನು ಬಾಯಿಗೆ ತಗೊಂಡರೆ ಮೂಗಿಗೆ ಉಪಯೋಗವಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ತಜ್ಞರು 2023ರಲ್ಲೇ ಹೇಳಿದರು. ನಮ್ಮ ಅಂಗಡಿಗಳಲ್ಲಿ ಈಗಲೂ ಧಾರಾಳವಾಗಿ ಸಿಗುತ್ತದೆ.

ಆಂಟಿಬಯೋಟಿಕ್ ವಿಷಯ ಬೇಗ ಮುಗಿಸುತ್ತೇನೆ. ಶೀತ, ಮೂಗು ಕಟ್ಟುವುದು, ಮೈಕೈ ನೋವಿನ ಜ್ವರ ಸಾಮಾನ್ಯವಾಗಿ ವೈರಸ್ಸಿನಿಂದ ಬರುವುದು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನು ಮುಟ್ಟುವುದೂ ಇಲ್ಲ. ನಾಲ್ಕನೇ ದಿನ ಜ್ವರ ಇಳಿದದ್ದು ಅದರಿಂದಲ್ಲ. ನಾಲ್ಕನೇ ದಿನಕ್ಕೆ ಇಳಿಯುವ ಜ್ವರವೇ ಅದು. ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ ಅಂತ ಕಾನೂನಿದೆ. ಆದರೆ ಕೌಂಟರಿನ ಮುಂದೆ ನಿಂತು ‘ಏನಾದ್ರೂ ಸ್ಟ್ರಾಂಗ್ ಆಗಿರೋದು ಕೊಡಿ’ ಅನ್ನುವವರು ನಾವೇ ತಾನೆ?

ಇನ್ನು ನಿಮ್ಮ ಅಮ್ಮನ ಪಟ್ಟಿಗೆ ಬರುತ್ತೇನೆ. ಒಂದೊಂದನ್ನೂ ತಳ್ಳಿಹಾಕುವ ಮೊದಲು ಅದು ಎಲ್ಲಿಂದ ಬಂತು ಅಂತ ಯೋಚಿಸುವುದು ನನಗೆ ಇಷ್ಟ.

ಸ್ನಾನ ಬೇಡ ಅಂದದ್ದು ಯಾಕೆ? ಮಲೆನಾಡಿನ ಹಳೆಯ ಮನೆ ನೆನಪಿಸಿಕೊಳ್ಳಿ. ಬಚ್ಚಲು ಹಿತ್ತಿಲ ಕಡೆ. ಹಂಡೆಯ ನೀರು ಕುದಿಯುವಷ್ಟು ಬಿಸಿ, ಬಾಗಿಲು ತೆಗೆದರೆ ಮಳೆಗಾಲದ ಥಂಡಿ ಗಾಳಿ. 102 ಡಿಗ್ರಿ ಜ್ವರ ಇರುವವರು ಅಲ್ಲಿಗೆ ಹೋಗಿ ಬಂದರೆ ನಡುಗಿ ಸುಸ್ತಾಗುವುದು ಸಹಜ. ನಿಮ್ಮ ಬೆಂಗಳೂರಿನ ಮನೆಯಲ್ಲಿ ಆ ಕಾರಣ ಇಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿದರೆ ಜ್ವರ ಜಾಸ್ತಿಯಾಗುವುದಿಲ್ಲ, ಬೆವರು ವಾಸನೆ ಹೋಗಿ ಒಳ್ಳೆ ನಿದ್ದೆ ಬರುತ್ತದೆ. ಆದರೆ ಒಂಟಿಯಾಗಿ ಇರುವವರಿಗೆ ಬಚ್ಚಲಲ್ಲಿ ಬೇರೆಯೇ ಒಂದು ಅಪಾಯ ಇದೆ. ಜ್ವರದಲ್ಲಿ ನೀರು ಕಡಿಮೆ ಕುಡಿದಿರುತ್ತೀರಿ, ಬಿಸಿನೀರು ಬಿದ್ದಾಗ ಬಿಪಿ ಇನ್ನೂ ಇಳಿಯುತ್ತದೆ, ತಲೆ ತಿರುಗಿ ಬೀಳುತ್ತೀರಿ. ಆದ್ದರಿಂದ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತು ಸ್ನಾನ ಮಾಡಿ. ಬಚ್ಚಲ ಬಾಗಿಲಿಗೆ ಚಿಲಕ ಹಾಕಬೇಡಿ. ನಿಲ್ಲಲು ಕಷ್ಟ ಅನ್ನಿಸಿದ ದಿನ ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡರೆ ಸಾಕು.

ಜ್ವರ ಅಂದರೆ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮೆದುಳಿನಲ್ಲಿ ಮೈಯ ಬಿಸಿಯನ್ನು ನಿಗದಿ ಮಾಡುವ ಒಂದು ಜಾಗ ಇದೆ, ಗೀಸರಿನ ಥರ್ಮೋಸ್ಟಾಟ್ ಇದ್ದ ಹಾಗೆ. ಸೋಂಕು ಬಂದಾಗ ದೇಹವೇ ಅದನ್ನು 98.6ರಿಂದ 102ಕ್ಕೆ ತಿರುಗಿಸುತ್ತದೆ. ಆಗ 100 ಡಿಗ್ರಿ ಇರುವ ಮೈಗೂ ಚಳಿ ಅನ್ನಿಸುತ್ತದೆ, ನಡುಕ ಬರುತ್ತದೆ. ಹೊದ್ದುಕೊಳ್ಳಿ, ತಪ್ಪೇನಿಲ್ಲ. ಮಾತ್ರೆ ಕೆಲಸ ಮಾಡಿದಾಗ ಗುಂಡಿ ಕೆಳಕ್ಕೆ ಬರುತ್ತದೆ, ಬೆವರು ಸುರಿಯುತ್ತದೆ. ಆಗ ಕಂಬಳಿ ತೆಗೆಯಿರಿ. ಮೂರು ಕಂಬಳಿ ಹೊದ್ದು ‘ಜ್ವರ ಬೆವರಿಸುವುದು’ ಬೇಡ. ಐಸ್ ನೀರಿನ ಬಟ್ಟೆಯೂ ಬೇಡ. ಥಂಡಿಗೆ ಚರ್ಮದ ರಕ್ತನಾಳಗಳು ಮುದುಡುತ್ತವೆ, ನಡುಕ ಹೆಚ್ಚಿ ಒಳಗಿನ ಬಿಸಿ ಇನ್ನೂ ಏರುತ್ತದೆ. ಹಣೆಯ ಮೇಲೆ ಮಾಮೂಲಿ ನೀರಿನ ಬಟ್ಟೆ ಹಾಕಿಕೊಳ್ಳಿ. ಅದು ಜ್ವರ ಇಳಿಸುವುದು ಅಷ್ಟಕ್ಕಷ್ಟೇ, ಆದರೆ ಹಿತವಾಗಿರುತ್ತದೆ. ಹಿತವೂ ಬೇಕಲ್ಲ? ‘ಜ್ವರ ತಲೆಗೇರುತ್ತದೆ’ ಅನ್ನುವ ಹೆದರಿಕೆಯೂ ಬೇಡ. ದೊಡ್ಡವರಿಗೆ 102, 103 ಡಿಗ್ರಿಯಿಂದಲೇ ಮೆದುಳು ಕೆಡುವುದಿಲ್ಲ. ಮಾತ್ರೆ ಬೇಕಾಗಿರುವುದು ಥರ್ಮಾಮೀಟರಿನ ಅಂಕಿ ಇಳಿಸುವುದಕ್ಕಲ್ಲ, ನಿಮ್ಮ ಸಂಕಟ ಕಡಿಮೆ ಮಾಡುವುದಕ್ಕೆ.

ಮೊಸರಿನಿಂದ ಕಫ ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಹಾಲು, ಮೊಸರು ಸೇವಿಸಿದ ಮೇಲೆ ಬಾಯಿಯ ಎಂಜಲು ಸ್ವಲ್ಪ ದಪ್ಪಗಾದಂತೆ ಅನ್ನಿಸುತ್ತದೆ. ಅದನ್ನೇ ನಾವು ಕಫ ಅಂದುಕೊಳ್ಳುತ್ತೇವೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮೊಸರು ಕೆರಳಿದ ಗಂಟಲಿಗೆ ತಾಗಿ ಕೆಮ್ಮು ಬರಿಸಬಹುದು, ಅಷ್ಟೇ. ಹೊರಗಿಟ್ಟು ತಣುಪು ಬಿಡಿಸಿದ ಮೊಸರಿಗೆ ಮೆತ್ತಗಿನ ಅನ್ನ ಕಲಸಿ ಚೂರು ಉಪ್ಪು ಹಾಕಿದರೆ, ಜ್ವರದ ಬಾಯಿಗೆ ಅದಕ್ಕಿಂತ ಸುಲಭದ ಊಟ ನನಗೆ ಗೊತ್ತಿಲ್ಲ.

ಅನ್ನ ಬೇಡ, ಬ್ರೆಡ್ ತಿನ್ನು ಅನ್ನುವ ಮಾತು ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತದೆ. ಬ್ರೆಡ್ಡಿನಲ್ಲಿ ಔಷಧಿ ಗುಣ ಏನೂ ಇಲ್ಲ. ಒಂದು ಕಾಲದಲ್ಲಿ ಆಸ್ಪತ್ರೆಗೆ ರೋಗಿ ನೋಡಲು ಹೋಗುವವರ ಕೈಲೆಲ್ಲ ಬ್ರೆಡ್ಡು, ಮೋಸಂಬಿ ಇರುತ್ತಿತ್ತು. ಹಾಗೇ ಅದು ರೋಗಿಯ ಊಟ ಅಂತಾಗಿ ಉಳಿಯಿತು. ನಿಮ್ಮ ಊರಿನ ಗಂಜಿ ಅದಕ್ಕಿಂತ ಎಷ್ಟೋ ವಾಸಿ.

ಗಂಜಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ವ್ಯವಸ್ಥೆ ಇದೆ. ಸಕ್ಕರೆಯ ಅಂಶ ಮತ್ತು ಉಪ್ಪಿನ ಅಂಶ ಜೊತೆಯಾಗಿ ಬಂದರೆ ಅದು ಎರಡನ್ನೂ ಬೇಗ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಬರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದುಹೋದವು. ಆಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ವೈದ್ಯ ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸು, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗೆ ಬಂತು. ಈಗ ನಾವು ಕುಡಿಯುವ ಓಆರ್‌ಎಸ್ ಅದೇ ಸಾಲಿನದು. ಉಪ್ಪು ಹಾಕಿದ ತೆಳ್ಳಗಿನ ಗಂಜಿ ಮಾಡುವುದೂ ಇದೇ ಕೆಲಸವನ್ನು. ಅಕ್ಕಿಯ ಹಿಟ್ಟಿನಂಶ ಕರುಳಿನಲ್ಲಿ ನಿಧಾನವಾಗಿ ಸಕ್ಕರೆಯಾಗುತ್ತಾ ಉಪ್ಪನ್ನೂ ನೀರನ್ನೂ ಎಳೆದುಕೊಂಡು ಹೋಗುತ್ತದೆ. ರಾಗಿ ಅಂಬಲಿಗೆ ಉಪ್ಪು ಹಾಕಿದರೂ ಆಯಿತು. ನಿಮಗೆ ಎದ್ದು ಮಾಡುವ ಶಕ್ತಿ ಇಲ್ಲ ಅನ್ನುವುದು ಗೊತ್ತು. ಒಂದು ಹಿಡಿ ಅಕ್ಕಿ, ಆರೇಳು ಲೋಟ ನೀರು, ಕುಕ್ಕರಿನಲ್ಲಿ ಐದಾರು ಸೀಟಿ. ಒಂದು ಸಲ ಮಾಡಿದರೆ ಇಡೀ ದಿನಕ್ಕೆ ಆಗುತ್ತದೆ.

ವಾಂತಿ ಭೇದಿ ಇದ್ದರೆ ಮಾತ್ರ ಗಂಜಿ ನೆಚ್ಚಿಕೊಂಡು ಕೂರಬೇಡಿ, ಓಆರ್‌ಎಸ್ ಪ್ಯಾಕೆಟ್ಟೇ ತನ್ನಿ. ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂತ ಬರೆದಿದ್ದರೆ ಇಡೀ ಪ್ಯಾಕೆಟ್ಟನ್ನು ಒಂದು ಲೀಟರಿಗೇ ಬೆರೆಸಿ. ಲೋಟಕ್ಕೆ ಸ್ವಲ್ಪ ಸ್ವಲ್ಪ ಅಂದಾಜಿನಲ್ಲಿ ಹಾಕಬೇಡಿ. 24 ಗಂಟೆ ಕಳೆದ ಮೇಲೆ ಚೆಲ್ಲಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮವಾಗಿ. ಬಣ್ಣಬಣ್ಣದ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯವನ್ನು ಓಆರ್‌ಎಸ್ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇಲ್ಲದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಹೇಳಬೇಕಾಯಿತು.

ಇದೇ ಮಾತಿಗೆ ಸೇರಿದ ಇನ್ನೊಂದು. ‘ಡಾಕ್ಟ್ರೇ, ತುಂಬ ವೀಕ್ ಆಗಿದೀನಿ, ಒಂದು ಗ್ಲೂಕೋಸ್ ಹಾಕಿ’ ಅಂತ ವಾರಕ್ಕೆ ಹತ್ತು ಜನ ಕೇಳುತ್ತಾರೆ. 500 ಎಂಎಲ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಐದಾರು ಚಮಚ. ಒಂದು ದೊಡ್ಡ ಲೋಟ ಬೆಲ್ಲದ ಪಾನಕ ಕುಡಿದರೆ ಅಷ್ಟು ಬರುತ್ತದೆ, ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ. ಬಾಯಲ್ಲಿ ಏನೂ ನಿಲ್ಲದೆ ವಾಂತಿಯಾಗುತ್ತಿದ್ದರೆ, ಬಿಪಿ ಇಳಿದಿದ್ದರೆ ಡ್ರಿಪ್ ಬೇಕೇಬೇಕು. ಉಳಿದಂತೆ ಅದರಿಂದ ಸಿಗುವುದು ಒಂದು ಗಂಟೆ ಮಂಚದ ಮೇಲೆ ಮಲಗುವ ಅವಕಾಶ. ಮತ್ತೆ, ಯಾರೋ ನೋಡಿಕೊಳ್ಳುತ್ತಿದ್ದಾರೆ ಅನ್ನುವ ಸಮಾಧಾನ. ಅದಕ್ಕೂ ಬೆಲೆ ಇದೆ ಅಂತ ನಾನು ಒಪ್ಪುತ್ತೇನೆ.

ಕಷಾಯಕ್ಕೆ ಬರೋಣ. ನಿಮ್ಮ ಕಡೆಯ ಪುಡಿಯಲ್ಲಿ ಸಾಮಾನ್ಯವಾಗಿ ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಒಣಶುಂಠಿ ಇರುತ್ತದೆ. ಬೆಲ್ಲ, ಹಾಲು ಹಾಕಿ ಕುಡಿಯುತ್ತೀರಿ. ಅದರಲ್ಲಿ ಕೆಲಸ ಮಾಡುವುದು ಬಿಸಿ ನೀರು, ಬೆಲ್ಲ, ಸ್ವಲ್ಪ ಮಟ್ಟಿಗೆ ಶುಂಠಿ. ಬಿಸಿ ಗಂಟಲಿಗೆ ಹಿತ, ಬೆಲ್ಲ ಶಕ್ತಿ, ಶುಂಠಿ ಹೊಟ್ಟೆ ತೊಳಸುವುದನ್ನು ತಡೆಯುತ್ತದೆ. ಮೆಣಸಿನ ಖಾರಕ್ಕೆ ಮೂಗು ಸುರಿದು ಉಸಿರು ಹಗುರ ಅನ್ನಿಸುತ್ತದೆ. ವೈರಸ್ಸಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ವೈರಸ್ಸನ್ನು ಕೊಲ್ಲುವ ಕೆಲಸ ನಿಮ್ಮ ದೇಹದ್ದು, ಅದಕ್ಕೆ ಐದಾರು ದಿನ ಬೇಕು. ಆ ಐದಾರು ದಿನವನ್ನು ಸಹಿಸಿಕೊಳ್ಳುವ ಹಾಗೆ ಮಾಡುವುದು ಕಷಾಯದ ಕೆಲಸ. ದಿನಕ್ಕೆ ಎರಡು ಸಣ್ಣ ಲೋಟ, ಏನಾದರೂ ತಿಂದ ಮೇಲೆ. ನೀವು ಖಾಲಿ ಹೊಟ್ಟೆಗೆ ಆರು ಸಲ ಮೆಣಸು ಶುಂಠಿ ಸುರಿದಿರಿ, ಎದೆ ಉರಿಯದೆ ಇನ್ನೇನು?

ಕೆಮ್ಮಿಗೆ ಮಾತ್ರ ಮನೆ ಮದ್ದೇ ಗೆಲ್ಲುತ್ತದೆ. ಒಂದು ಚಮಚ ಜೇನುತುಪ್ಪ ಸಿರಪ್ಪಿಗಿಂತ ಕಡಿಮೆಯೇನಲ್ಲ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯಲ್ಲೂ 2019ರಿಂದ ಮೊದಲು ಜೇನು ನೋಡಿ ಅಂತಲೇ ಇದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ನೆಕ್ಕಿಸಬಾರದು. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದರೆ ಗಂಟಲು ಕೆರೆತ ತಗ್ಗುತ್ತದೆ. ಇನ್ನೊಂದು ಗೊತ್ತಿರಲಿ. ಜ್ವರ ಹೋದ ಮೇಲೂ ಕೆಮ್ಮು ಎರಡೂವರೆ, ಮೂರು ವಾರ ಇರುವುದು ಮಾಮೂಲು. ಒಂದು ವಾರಕ್ಕೇ ಗಾಬರಿಯಾಗಿ ಎರಡನೇ ಆಂಟಿಬಯೋಟಿಕ್ ತರುವವರೇ ಜಾಸ್ತಿ.

ಹಬೆ. ಮೂಗು ಕಟ್ಟಿದಾಗ ಹತ್ತು ನಿಮಿಷ ಆರಾಮ ಅನ್ನಿಸುತ್ತದೆ, ನಿಜ. ಆದರೆ ನಾನು ಇದಕ್ಕೆ ಅರೆಮನಸ್ಸಿನವನು. ಕೋವಿಡ್ ಸಮಯದಲ್ಲಿ ಮನೆಮನೆಯಲ್ಲೂ ಹಬೆ ಶುರುವಾದಾಗ ತೊಡೆ ಸುಟ್ಟುಕೊಂಡು ಬಂದವರಿಗೆ ಡ್ರೆಸಿಂಗ್ ಮಾಡಿದ್ದೇನೆ. ಹಾಸಿಗೆ ಮೇಲೆ ಪಾತ್ರೆ, ತಲೆ ಮೇಲೆ ಟವೆಲ್, ಕೆಮ್ಮು ಬಂತು, ಪಾತ್ರೆ ಮಗುಚಿತು. ಒಬ್ಬರೇ ಇರುವಾಗ ಸುಟ್ಟುಕೊಂಡರೆ ತಣ್ಣೀರು ಹಾಕಲೂ ಯಾರೂ ಇಲ್ಲ. ಒಂದು ಲೋಟ ಬಿಸಿ ಬಿಸಿ ಮೆಣಸಿನ ಸಾರಿನ ಮುಂದೆ ಮುಖ ಇಟ್ಟು ನಿಧಾನವಾಗಿ ಕುಡಿಯಿರಿ, ಹಬೆಯೂ ಆಯಿತು ಊಟವೂ ಆಯಿತು. ಮೂಗಿನ ಮೇಲೆ, ಎದೆಗೆ ಹಚ್ಚುವ ಬಾಮ್ ಕೂಡ ಮೂಗನ್ನು ಬಿಡಿಸುವುದಿಲ್ಲ. ಅದರಲ್ಲಿರುವ ಮೆಂಥಾಲ್ ತಂಪು ಗುರುತಿಸುವ ನರಗಳನ್ನು ಕೆಣಕುತ್ತದೆ, ಗಾಳಿ ಆಡುತ್ತಿದೆ ಅಂತ ಮೆದುಳು ನಂಬುತ್ತದೆ. ಮೋಸವೇ, ಆದರೆ ನಿದ್ದೆ ಬರುತ್ತದೆ. ಹಚ್ಚಿಕೊಳ್ಳಿ.

ಈಗ ನಿಮ್ಮ ಐದನೇ ದಿನದ ಕಥೆ. ಪತ್ರದಲ್ಲಿ ನೀವು ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನಗೆ ಅಲ್ಲೇ ನಿಲ್ಲಬೇಕು ಅನ್ನಿಸಿತು.

ಕರ್ನಾಟಕದಲ್ಲಿ ಮಳೆಗಾಲದಿಂದ ಹಿಡಿದು ಅಕ್ಟೋಬರ್, ನವೆಂಬರ್‌ವರೆಗೆ ಜ್ವರ ಅಂದರೆ ಡೆಂಗಿ ಇರಬಹುದು ಅಂತಲೇ ಶುರು ಮಾಡಬೇಕು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ಡೆಂಗಿಯಲ್ಲಿ ಮೋಸ ಇರುವುದು ಜ್ವರ ಇಳಿಯುವ ಹೊತ್ತಿನಲ್ಲಿ. ಮೂರರಿಂದ ಏಳನೇ ದಿನದೊಳಗೆ ಜ್ವರ ಬಿಡುತ್ತದೆ, ಹುಷಾರಾಯಿತು ಅಂದುಕೊಳ್ಳುತ್ತೇವೆ. ಆಗಲೇ ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರಲು ಶುರುವಾಗುತ್ತದೆ. ಬಿಪಿ ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ನಿಮಗೆ ಆದದ್ದು ಬರೀ ಸುಸ್ತು ಇರಬಹುದು. ಮೂಗು ಕಟ್ಟಿತ್ತು ಅನ್ನುವುದರಿಂದ ಸಾಮಾನ್ಯ ವೈರಲ್ ಜ್ವರದ ಕಡೆಗೇ ನನ್ನ ಊಹೆ. ಆದರೆ ಪರೀಕ್ಷೆ ಮಾಡಿಸಿರಲಿಲ್ಲ. ಹಾಗಾಗಿ ಜ್ವರ ಇಳಿದ ಮೇಲಿನ ಎರಡು ದಿನ ಜ್ವರ ಇದ್ದಾಗಿನದಕ್ಕಿಂತ ಜಾಸ್ತಿ ಎಚ್ಚರ ಇರಬೇಕು, ಆಫೀಸಿಗೆ ಓಡುವುದಲ್ಲ.

ಇದೇ ಕಾರಣಕ್ಕೆ ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್, ಆಸ್ಪಿರಿನ್ ಥರದ ನೋವಿನ ಮಾತ್ರೆಗಳನ್ನು ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಮುಟ್ಟಬೇಡಿ. ರಕ್ತಸ್ರಾವ ಹೆಚ್ಚಿಸುತ್ತವೆ. ‘ಜ್ವರಕ್ಕೆ ಒಂದು ಇಂಜೆಕ್ಷನ್ ಹಾಕಿಬಿಡಿ’ ಅಂತಲೂ ಕೇಳಬೇಡಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿದಿದ್ದರೆ ಸೊಂಟಕ್ಕೆ ಚುಚ್ಚಿದ ಜಾಗದಲ್ಲಿ ರಕ್ತ ಗಡ್ಡೆ ಕಟ್ಟುತ್ತದೆ. ಪರಂಗಿ ಎಲೆಯ ರಸ ಬಗ್ಗೆ ನೀವು ಕೇಳಿಲ್ಲ, ಆದರೆ ಕಚೇರಿಯ ಗೆಳೆಯರು ಹೇಳಿಯೇ ಹೇಳುತ್ತಾರೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಪ್ಲೇಟ್‌ಲೆಟ್ ಎಣಿಕೆ ಸ್ವಲ್ಪ ಬೇಗ ಏರಿದೆ. ಜೀವ ಉಳಿಸುವುದು ಆ ಎಣಿಕೆಯಲ್ಲ, ಮೈಯಲ್ಲಿ ನೀರಿನಂಶ ಸರಿಯಾಗಿ ಇರುವುದು. ಆ ಕಹಿ ರಸಕ್ಕೆ ವಾಂತಿಯಾಗಿ ಇದ್ದ ನೀರೂ ಹೋಗುವುದನ್ನು ಕಂಡಿದ್ದೇನೆ.

ಶೀತ ಕೆಮ್ಮು ಇಲ್ಲದ ಜ್ವರ ಎರಡು ದಿನ ದಾಟಿದರೆ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿಯ ಎನ್‌ಎಸ್‌1 ಪರೀಕ್ಷೆ ಮೊದಲ ಐದು ದಿನದೊಳಗೆ ಚೆನ್ನಾಗಿ ಹಿಡಿಯುತ್ತದೆ. ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್‌’ಗೆ ಹೋದರೆ ದುಡ್ಡೂ ಖರ್ಚಾಗುವುದಿಲ್ಲ. ಅಲ್ಲಿ ಕೇಳದಿದ್ದರೂ ಒಂದು ವಿಷಯ ನೀವೇ ಹೇಳಬೇಕು: ‘ಹೋದ ವಾರ ಊರಿಗೆ ಹೋಗಿದ್ದೆ.’ ಸಾಗರದ ಕಡೆ ಮಂಗನ ಕಾಯಿಲೆ ಇದೆ, ಉಣ್ಣೆ ಹುಳ ಕಚ್ಚಿ ಬರುವುದು. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಗದ್ದೆ, ಕೆಸರಿನ ಕೆಲಸ ಮಾಡಿದ್ದರೆ ಇಲಿ ಜ್ವರವೂ ಬರಬಹುದು, ಅದಕ್ಕೆ ಆಂಟಿಬಯೋಟಿಕ್ ಬೇಕು. ಬೆಂಗಳೂರಿನ ಡಾಕ್ಟರಿಗೆ ನಿಮ್ಮ ತೋಟದ ಸುದ್ದಿ ತಾನಾಗಿ ಹೊಳೆಯುವುದಿಲ್ಲ.

ಹೊಟ್ಟೆಯಲ್ಲಿ ಬಿಡದ ನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ಉಸಿರು ಕಟ್ಟುವುದು, ಎದೆ ನೋವು, ಕತ್ತು ಬಿಗಿದು ಬಗ್ಗಿಸಲಾಗದೆ ಇರುವುದು, ಎಂಟು ಗಂಟೆ ಮೂತ್ರವೇ ಬರದಿರುವುದು. ಇವುಗಳಲ್ಲಿ ಒಂದು ಇದ್ದರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಯಾವುದೂ ಇಲ್ಲ, ಆದರೂ ಅನುಮಾನ ಅಂದರೆ 104 ಇದೆ, ಆರೋಗ್ಯ ಸಹಾಯವಾಣಿ.

ಈ ಪಟ್ಟಿಯನ್ನು ಯಾರು ಬೇಕಾದರೂ ಬರೆದುಕೊಡಬಹುದು. ತೊಡಕು ಏನೆಂದರೆ, ಜ್ವರದಲ್ಲಿ ಮಂಪರಾಗಿರುವವರಿಗೆ ತಾವು ಮಂಪರಾಗಿದ್ದೇವೆ ಅಂತ ಗೊತ್ತಾಗುವುದಿಲ್ಲ. ನಾನು ಓದುವಾಗ ಹಾಸ್ಟೆಲಿನಲ್ಲಿ ಟೈಫಾಯಿಡ್ ಬಂದು ಮಲಗಿದ್ದೆ. ಪಕ್ಕದ ರೂಮಿನವನೊಬ್ಬ ಪ್ರತಿ ಸಲ ಹಾದುಹೋಗುವಾಗ ಬಾಗಿಲು ಒದ್ದು ‘ಬದುಕಿದ್ದೀಯೇನೋ?’ ಅಂತ ಕೂಗುತ್ತಿದ್ದ. ನಾನು ಒಂದು ಬೈಗುಳದಲ್ಲಿ ಉತ್ತರ ಕೊಡುತ್ತಿದ್ದೆ. ಒಂದು ಸಂಜೆ ಬೈಗುಳ ಬರಲಿಲ್ಲ. ಅವನೇ ಹೊತ್ತುಕೊಂಡು ವಾರ್ಡಿಗೆ ಹಾಕಿದ. ನಿಮಗೆ ಬೇಕಾಗಿರುವುದು ಅಂಥ ಒಬ್ಬರು.

ಅದಕ್ಕೆ ಹುಷಾರಾಗಿರುವಾಗಲೇ ಮಾತಾಡಿಟ್ಟುಕೊಳ್ಳಿ. ಮನೆಯ ಇನ್ನೊಂದು ಬೀಗದ ಕೈ ಪಕ್ಕದ ಮನೆಯ ಆಂಟಿಯ ಹತ್ತಿರವೋ ಹತ್ತಿರದಲ್ಲಿರುವ ಗೆಳತಿಯ ಹತ್ತಿರವೋ ಇರಲಿ. ಜ್ವರ ಬಂದ ದಿನದಿಂದ ಬೆಳಗ್ಗೆ 8, ಮಧ್ಯಾಹ್ನ 2, ರಾತ್ರಿ 9ಕ್ಕೆ ಒಂದು ಮೆಸೇಜ್ ಹಾಕುತ್ತೇನೆ, ಬರದಿದ್ದರೆ ಫೋನ್ ಮಾಡಿ, ತೆಗೆಯದಿದ್ದರೆ ಬಂದು ಬಾಗಿಲು ತೆಗೆಯಿರಿ ಅಂತ ಹೇಳಿಟ್ಟಿರಿ. ಸಂಕೋಚ ಬೇಡ. ನಾಳೆ ಅವರಿಗೆ ಜ್ವರ ಬಂದಾಗ ನೀವು ಹೋಗುತ್ತೀರಿ. ಮಂಚದ ಪಕ್ಕ ಒಂದು ಹಾಳೆ ಇಡಿ. ಎಷ್ಟು ಗಂಟೆಗೆ ಎಷ್ಟು ಜ್ವರ, ಯಾವ ಮಾತ್ರೆ, ಮೂತ್ರ ಹೋದ ಹೊತ್ತು, ಅದರ ಬಣ್ಣ. ನಾಲ್ಕೈದು ಗಂಟೆಗೊಮ್ಮೆ ತಿಳಿ ಹಳದಿ ಬಣ್ಣದಲ್ಲಿ ಹೋಗುತ್ತಿದ್ದರೆ ನೀರು ಸಾಕಾಗುತ್ತಿದೆ ಅಂತ ಅರ್ಥ. ಗಾಢ ಬಣ್ಣವಾದರೆ ಇನ್ನೆರಡು ಲೋಟ. ಎರಡನೇ ರಾತ್ರಿ ‘ಮಾತ್ರೆ ತಗೊಂಡೆನಾ ಇಲ್ವಾ’ ಅನ್ನುವ ಗೊಂದಲಕ್ಕೂ ಆ ಹಾಳೆಯೇ ಉತ್ತರ. ನನ್ನ ಹತ್ತಿರ ಬರುವವರಲ್ಲಿ ಯಾರಾದರೂ ಅಂಥ ಹಾಳೆ ತಂದರೆ ಅರ್ಧ ರೋಗ ನನಗೆ ಅಲ್ಲೇ ಗೊತ್ತಾಗುತ್ತದೆ.

ಒಂದು ಡಬ್ಬದಲ್ಲಿ ಡಿಜಿಟಲ್ ಥರ್ಮಾಮೀಟರ್, ಒಂದು ಸ್ಟ್ರಿಪ್ ಪ್ಯಾರಸಿಟಮಾಲ್, ನಾಲ್ಕು ಓಆರ್‌ಎಸ್, ಜೇನು ಇಟ್ಟುಕೊಳ್ಳಿ. ಕಂಕುಳಲ್ಲಿ ನೋಡಿದರೆ ಬಾಯಿಯದಕ್ಕಿಂತ ಸುಮಾರು ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ. ಯಾವುದಾದರೂ ಒಂದು ಕಡೆಯೇ ನೋಡಿ, ಬದಲಾಯಿಸಬೇಡಿ.

ರಜೆ ವಿಷಯ. ಜ್ವರ ಬಿಟ್ಟು 48 ಗಂಟೆ ಆಗಲಿ, ಎರಡು ಹೊತ್ತು ಊಟ ಸೇರಲಿ, ಆಮೇಲೆ ಹೊರಡಿ. ಹಾಸಿಗೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದರೆ ಅದು ವಿಶ್ರಾಂತಿ ಆಗುವುದಿಲ್ಲ. ಜಿಮ್ಮಿಗೆ ಇನ್ನೂ ಒಂದು ವಾರ ಬೇಡ. ವೈರಲ್ ಜ್ವರ ಕೆಲವೊಮ್ಮೆ ಹೃದಯದ ಸ್ನಾಯುವನ್ನೂ ಮುಟ್ಟಿರುತ್ತದೆ.

ಕೊನೆಗೆ ನಿಮ್ಮ ಅಮ್ಮನ ಮಾತು. ಅವರ ಪುಡಿಯಲ್ಲಿ ಏನೇನಿದೆ ಅಂತ ನೀವು ಬರೆದಿಲ್ಲ. ಇವತ್ತೇ ಫೋನ್ ಮಾಡಿ ಒಂದೊಂದಾಗಿ ಕೇಳಿ. ಅತಿಮಧುರ ಇದೆಯಾ ಅಂತ ಮುಖ್ಯವಾಗಿ ಕೇಳಿ, ಜೇಷ್ಠಮಧು ಅಂತಲೂ ಅನ್ನುತ್ತಾರೆ. ಸಿಹಿ ರುಚಿ, ಗಂಟಲಿಗೆ ಹಿತ ಅಂತ ಎಷ್ಟೋ ಮನೆಗಳಲ್ಲಿ ಹಾಕುತ್ತಾರೆ. ಅದನ್ನು ದಿನಾ ತಗೊಂಡರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಬಿಪಿ ಮಾತ್ರೆ ಎರಡು ಸಲ ಹೆಚ್ಚಿಸಿದರೂ ಹತೋಟಿಗೆ ಬಾರದ ಒಬ್ಬ ಅಜ್ಜಿ ನನ್ನ ಹತ್ತಿರ ಬರುತ್ತಿದ್ದರು. ಅವರ ಕಷಾಯ ನಿಲ್ಲಿಸಿದ ಮೇಲೆ ಹಳೆಯ ಮಾತ್ರೆಯೇ ಸಾಕಾಯಿತು. ಅಮೃತಬಳ್ಳಿ ಇದ್ದರೆ ಅದನ್ನೂ ದಿನಾ ಬೇಡ ಅನ್ನಿ. 2021ರಲ್ಲಿ ಮುಂಬೈನ ವೈದ್ಯರು ಅದನ್ನು ತಿಂಗಳುಗಟ್ಟಲೆ ತಗೊಂಡವರಲ್ಲಿ ಲಿವರ್ ಊತ ಕಂಡದ್ದನ್ನು ವರದಿ ಮಾಡಿದ್ದಾರೆ. ಆಯುಷ್ ಇಲಾಖೆ ಅದನ್ನು ಒಪ್ಪಿಲ್ಲ, ಆದರೂ ಬಿಪಿ ಇರುವ ಹೆಂಗಸಿಗೆ ಆ ಉಸಾಬರಿ ಯಾಕೆ?

ನಿಮಗಿಂತ ಅವರ ಬಗ್ಗೆಯೇ ನನಗೆ ಯೋಚನೆ. ಹತ್ತಿರದ ಆಸ್ಪತ್ರೆಯಲ್ಲಿ ಅವರ ಬಿಪಿ, ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಈ ವಾರವೇ ನೋಡಿಸಿ. ಕಷಾಯ ಪೂರ್ತಿ ಬಿಡಿಸಬೇಕಿಲ್ಲ. ಕೊತ್ತಂಬರಿ, ಜೀರಿಗೆ, ಸ್ವಲ್ಪ ಶುಂಠಿ ಹಾಕಿ ಹೊಸ ಪುಡಿ ಮಾಡಿಕೊಳ್ಳಲಿ, ಸಂಜೆ ಒಂದು ಲೋಟ ಕುಡಿಯಲಿ. ನಿಮಗೂ ಅದರಲ್ಲೇ ಒಂದು ಡಬ್ಬಿ ಕಳಿಸಲಿ.